ತಮ್ಮ ಮಿದುಳಿನ ಅಲೆ ತಾವೇ ಅಳೆದ ಮಕ್ಕಳು

ನ್ಯೂಯಾರ್ಕ್ ನಗರದ ಹೈಸ್ಕೂಲೊಂದರ ಕೊನೆಯ ವರ್ಷದ 12 ವಿದ್ಯಾರ್ಥಿಗಳು ಒಂದು ಸೆಮಿಸ್ಟರಿನಲ್ಲಿ 11 ದಿನ ಜೀವಶಾಸ್ತ್ರದ ಪಾಠವನ್ನು ತಲೆಗೆ ಇಇಜಿ ಉಪಕರಣ ತೊಟ್ಟುಕೊಂಡೇ ಕೇಳಿದರು. ಆಸ್ಪತ್ರೆಯಲ್ಲಿ ಫಿಟ್ಸ್ ಬಂದವರ ತಲೆಗೆ ವೈರುಗಳನ್ನು ಅಂಟಿಸಿ ತೆಗೆಯುತ್ತಾರಲ್ಲ, ಅದೇ ಇಇಜಿ. ಇವರದು ಮಾತ್ರ ಹಗುರವಾದ, ವೈರಿಲ್ಲದ, ಹೆಡ್‌ಫೋನಿನಂತೆ ಹಾಕಿಕೊಳ್ಳುವ ಮಾದರಿ. ಪ್ಲಾಸ್ಟಿಕ್ ಕಡ್ಡಿಗಳ ತುದಿಯಲ್ಲಿ ಉಪ್ಪುನೀರಿನಲ್ಲಿ ನೆನೆಸಿದ ಪುಟ್ಟ ಮೆತ್ತೆಗಳು. ಅವು 14 ಕಡೆ ತಲೆಗೆ ತಾಗುತ್ತವೆ. ಪಾಠ ನಡೆಯುತ್ತಿದ್ದ ಹಾಗೆ ಹನ್ನೆರಡೂ ಮಿದುಳುಗಳ ಅಲೆಗಳು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರ ಕಂಪ್ಯೂಟರಿನಲ್ಲಿ ಒಟ್ಟೊಟ್ಟಿಗೆ ದಾಖಲಾಗುತ್ತಿದ್ದವು.

ಸುಜೇನ್ ಡಿಕ್ಕರ್, ಡೇವಿಡ್ ಪೊಪ್ಪೆಲ್ ಮತ್ತು ಸಂಗಡಿಗರ ಈ ಅಧ್ಯಯನ 2017ರಲ್ಲಿ 'ಕರೆಂಟ್ ಬಯಾಲಜಿ' ಪತ್ರಿಕೆಯಲ್ಲಿ ಬಂತು. ಪಾಠದಲ್ಲಿ ಮನಸ್ಸಿಟ್ಟ ಮಕ್ಕಳ ಮಿದುಳಿನ ಅಲೆಗಳು ಒಂದಕ್ಕೊಂದು ಹೊಂದಿಕೊಂಡು ಸಾಗುತ್ತವೆ ಎಂಬ ಅದರ ಫಲಿತಾಂಶ ಎಲ್ಲೆಡೆ ಸುದ್ದಿಯಾಯಿತು. ಅದರ ಹಿಂದಿದ್ದ ಇನ್ನೊಂದು ಸಂಗತಿಯತ್ತ ಅಷ್ಟಾಗಿ ಯಾರ ಗಮನವೂ ಹೋಗಲಿಲ್ಲ. ಆ ಹನ್ನೆರಡು ಮಂದಿ ಬರೀ ತಲೆಯೊಡ್ಡಿ ಕೂತವರಾಗಿರಲಿಲ್ಲ. ನರವಿಜ್ಞಾನದ ಮೊದಲ ಪಾಠಗಳನ್ನೂ ಪ್ರಯೋಗವೊಂದನ್ನು ಕಟ್ಟುವ ಬಗೆಯನ್ನೂ ಅವರು ಸಂಶೋಧಕರಿಂದಲೇ ಕಲಿತರು. ಮಕ್ಕಳ ಮಿದುಳಿನ ಬಗ್ಗೆ ವಿಜ್ಞಾನಿಗಳಿಗೆ ತಿಳಿದದ್ದಕ್ಕಿಂತ, ವಿಜ್ಞಾನದ ಬಗ್ಗೆ ಮಕ್ಕಳಿಗೆ ತಿಳಿದದ್ದು ದೊಡ್ಡದು ಎಂದೇ ನನ್ನ ಭಾವನೆ.

ಈ ಬಗೆಯ ಕೆಲಸ ಮುಂದೆ 'ಬ್ರೈನ್‌ವೇವ್ಸ್' ಎಂಬ ಹೈಸ್ಕೂಲ್ ಕೋರ್ಸಾಗಿ ಬೆಳೆಯಿತು. ಅದನ್ನು ಬೆಳೆಸಿದವರಲ್ಲಿ ಇಡೊ ಡೇವಿಡೆಸ್ಕೊ ಪ್ರಮುಖರು. ಹಣದ ನೆರವು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯದು. ಶಾಲೆಯ ಶಿಕ್ಷಕರು ಪಾಠ ಮಾಡುತ್ತಾರೆ, ವಿಶ್ವವಿದ್ಯಾಲಯದಿಂದ ಯುವ ಸಂಶೋಧಕರು ಮಾರ್ಗದರ್ಶಕರಾಗಿ ಬರುತ್ತಾರೆ. ಮೊದಲು ನರಕೋಶ ಎಂದರೇನು, ಮಿದುಳಿನ ಯಾವ ಭಾಗ ಏನು ಮಾಡುತ್ತದೆ ಎಂಬ ಪಾಠ. ಆಮೇಲೆ ಇಇಜಿ ಉಪಕರಣವನ್ನು ಬಳಸುವ ಅಭ್ಯಾಸ. ಕೊನೆಗೆ ಮಕ್ಕಳು ಗುಂಪು ಕಟ್ಟಿಕೊಂಡು ತಮ್ಮದೇ ಪ್ರಶ್ನೆ ಹಿಡಿದು, ತಾವೇ ಪ್ರಯೋಗ ಮಾಡಿ, ಸಿಕ್ಕಿದ್ದನ್ನು ವಿಜ್ಞಾನಿಗಳ ಮುಂದೆ ಮಂಡಿಸುತ್ತಾರೆ. ಹೀಗೆ ಹೇಳಿದರೆ ಸಲೀಸಾಗಿ ಕೇಳಿಸುತ್ತದೆ. ಒಳಗೆ ನಡೆಯುವುದು ಸಲೀಸಲ್ಲ.

ಒಬ್ಬ ಹುಡುಗಿ ಹೀಗೆ ಕೇಳುತ್ತಾಳೆ ಎಂದಿಟ್ಟುಕೊಳ್ಳಿ: ಹಾಡು ಹಾಕಿಕೊಂಡು ಓದಿದರೆ ತಲೆಗೆ ಹತ್ತುತ್ತದೆಯೇ? ಹದಿಹರೆಯದ ಮಕ್ಕಳಿರುವ ಎಲ್ಲ ಮನೆಯಲ್ಲೂ ಇದು ದಿನನಿತ್ಯದ ಜಗಳ. ಮಾರ್ಗದರ್ಶಕ ಉತ್ತರ ಹೇಳುವುದಿಲ್ಲ, ಮರುಪ್ರಶ್ನೆ ಹಾಕುತ್ತಾನೆ. ಯಾವ ಹಾಡು? ಪದಗಳಿರುವುದೋ, ಬರೀ ವಾದ್ಯವೋ? ಕೇಳಿ ಕೇಳಿ ಬಾಯಿಪಾಠವಾದದ್ದೋ, ಹೊಸದೋ? ಓದುವುದು ಗಣಿತವನ್ನೋ, ಕಥೆಯನ್ನೋ? ತಲೆಗೆ ಹತ್ತಿತು ಎಂದು ಹೇಳುವುದು ಯಾವ ಆಧಾರದ ಮೇಲೆ? ಹತ್ತು ಪ್ರಶ್ನೆಗಳ ಕಿರುಪರೀಕ್ಷೆ ಇಡೋಣ ಎಂದಳು ಅನ್ನಿ. ಸರಿ, ಮೊದಲು ಹಾಡಿಲ್ಲದೆ ಓದಿಸಿ, ಆಮೇಲೆ ಹಾಡು ಹಾಕಿ ಓದಿಸಿದಾಗ ಎರಡನೆಯ ಸಲ ಅಂಕ ಜಾಸ್ತಿ ಬಂತು. ಅದು ಹಾಡಿನ ಪುಣ್ಯವೋ, ಒಮ್ಮೆ ಪರೀಕ್ಷೆ ಬರೆದು ಪಳಗಿದ್ದರ ಫಲವೋ? ಹಾಗಾದರೆ ಅರ್ಧ ಜನರಿಗೆ ಮೊದಲು ಹಾಡು, ಉಳಿದ ಅರ್ಧಕ್ಕೆ ಆಮೇಲೆ ಹಾಡು ಎಂದು ಹಂಚಬೇಕು. ಐದೇ ಜನರನ್ನು ಕೂರಿಸಿದರೆ, ಅವರಲ್ಲೊಬ್ಬ ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದರೆ, ಲೆಕ್ಕವೆಲ್ಲ ಅವನೊಬ್ಬನಿಂದಲೇ ವಾಲಿಬಿಡುತ್ತದೆ. ಜನ ಹೆಚ್ಚು ಬೇಕು. ಹೆಚ್ಚು ಜನ ಬೇಕೆಂದರೆ ಹೆಚ್ಚು ದಿನ ಬೇಕು.

ಇಷ್ಟೆಲ್ಲ ಆದ ಮೇಲೆ ಅಲೆಗಳನ್ನು ಜೋಡಿಸಿ ನೋಡಿದರೆ ಸ್ಪಷ್ಟವಾದದ್ದೇನೂ ಕಾಣದೆ ಹೋಗಬಹುದು. ನಮ್ಮ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಇಂಥದ್ದನ್ನು ಮೇಜಿನ ಮೇಲಿಡಲು ಯಾವ ಶಾಲೆಯೂ ಒಪ್ಪುವುದಿಲ್ಲ. ಆದರೆ ಆ ಹುಡುಗಿ ಈಗ ತಿಳಿದುಕೊಂಡಿರುವುದನ್ನು ಯಾವ ನೋಟ್ಸೂ ಕಲಿಸಲಾರದು. ಒಂದು ಸಣ್ಣ ಸತ್ಯವನ್ನು 'ಹೌದು' ಎಂದು ಹೇಳಲು ಎಷ್ಟು ಕಷ್ಟವಿದೆ ಎಂಬುದು ಅವಳಿಗೆ ಗೊತ್ತು. ನಾಳೆ ಟಿವಿಯಲ್ಲಿ 'ಸಂಶೋಧನೆಯಿಂದ ಸಾಬೀತಾಗಿದೆ' ಎಂದು ಯಾರಾದರೂ ಹೇಳಿದರೆ ಅವಳು ಎಷ್ಟು ಜನರ ಮೇಲೆ, ಯಾವುದರೊಂದಿಗೆ ಹೋಲಿಸಿ ಎಂದು ಕೇಳುತ್ತಾಳೆ.

ನೆತ್ತಿಯ ಮೇಲಿನ ಸದ್ದು

ಇಇಜಿ ಅಳೆಯುವುದೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಈ ಕೋರ್ಸಿನ ಜೀವ ಇರುವುದು ಅಲ್ಲೇ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶ ಇನ್ನೊಂದಕ್ಕೆ ಸಂದೇಶ ದಾಟಿಸಿದಾಗ ಅಲ್ಲಿ ಬಹಳ ಸಣ್ಣ ವಿದ್ಯುತ್ ಹರಿವು ಉಂಟಾಗುತ್ತದೆ. ಒಂದೇ ದಿಕ್ಕಿಗೆ ನಿಂತ ಸಾವಿರಾರು, ಲಕ್ಷಾಂತರ ಕೋಶಗಳಲ್ಲಿ ಇದು ಒಟ್ಟಿಗೆ ನಡೆದಾಗ ಮಾತ್ರ ಅದರ ಮೊತ್ತ ತಲೆಬುರುಡೆ ದಾಟಿ ಹೊರಗಿನ ಚರ್ಮದವರೆಗೆ ಬರುತ್ತದೆ. ಬಂದರೂ ಎಷ್ಟು? ಕೆಲವು ಹತ್ತು ಮೈಕ್ರೊವೋಲ್ಟ್. ಟಾರ್ಚಿಗೆ ಹಾಕುವ ಸೆಲ್ಲು ಒಂದೂವರೆ ವೋಲ್ಟಿನದು. ಒಂದು ವೋಲ್ಟನ್ನು ಹತ್ತು ಲಕ್ಷ ಪಾಲು ಮಾಡಿದರೆ ಸಿಗುವುದು ಒಂದು ಮೈಕ್ರೊವೋಲ್ಟ್. ರಥೋತ್ಸವದ ಗದ್ದಲವನ್ನು ಊರಾಚೆಯ ಗದ್ದೆಯಲ್ಲಿ ನಿಂತು ಕೇಳಿದ ಹಾಗೆ ಇದು: ತೇರು ಎಳೆದ ಹೊತ್ತು ಯಾವುದೆಂದು ಗೊತ್ತಾಗುತ್ತದೆ, ಗುಂಪಿನಲ್ಲಿ ಯಾರು ಯಾರಿಗೆ ಏನೆಂದರು ಎಂಬುದು ಗೊತ್ತಾಗುವುದಿಲ್ಲ. ಇಇಜಿಯಿಂದ ಮನಸ್ಸಿನ ಮಾತನ್ನು ಓದಬಹುದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಮೊದಲ ಸಲ ತಲೆಗೆ ಉಪಕರಣ ಹಾಕಿಕೊಂಡ ಮಕ್ಕಳಿಗೆ ಪರದೆಯ ಮೇಲೆ ಕಾಣುವುದು ಅಡ್ಡಾದಿಡ್ಡಿ ಗೆರೆಗಳು. ಆಗ 'ಕಣ್ಣು ಮುಚ್ಚು' ಎನ್ನುತ್ತಾರೆ. ಕಣ್ಣು ಮುಚ್ಚಿದ ಕೆಲವೇ ಕ್ಷಣಗಳಲ್ಲಿ ತಲೆಯ ಹಿಂಬದಿಯ ಎಲೆಕ್ಟ್ರೋಡುಗಳ ಗೆರೆ ಬದಲಾಗುತ್ತದೆ. ಸೆಕೆಂಡಿಗೆ 8ರಿಂದ 12 ಸಲ ಏರಿಳಿಯುವ, ಒಂದೇ ಅಳತೆಯ, ದೊಡ್ಡ ಅಲೆಗಳು ಸಾಲುಗಟ್ಟುತ್ತವೆ. ಕಣ್ಣು ತೆರೆದರೆ ಮಾಯ. ಇದಕ್ಕೆ ಆಲ್ಫಾ ಅಲೆ ಎಂದು ಹೆಸರು. ನೋಡುವ ಕೆಲಸದ ಭಾಗ ಬಿಡುವಾಗಿದ್ದಾಗ, ಗಮನ ಹೊರಗಿನ ನೋಟದಿಂದ ಸರಿದಾಗ ಇದು ಜೋರಾಗುತ್ತದೆ. ಪರದೆ ನೋಡುತ್ತಿರುವ ಗೆಳೆಯರಿಗೆ ಇದು ಕಾಣುತ್ತದೆ, ಅಲೆ ಯಾರದೋ ಅವನಿಗೆ ಮಾತ್ರ ಕಾಣುವುದಿಲ್ಲ, ಏಕೆಂದರೆ ಅವನು ಕಣ್ಣು ಮುಚ್ಚಿರುತ್ತಾನೆ. ಹಾಗಾಗಿ ಸರದಿಯ ಮೇಲೆ ಎಲ್ಲರೂ ಮಾಡಿ ನೋಡಬೇಕಾಗುತ್ತದೆ.

ಎರಡನೆಯ ಪಾಠವನ್ನು ಕಣ್ಣ ರೆಪ್ಪೆ ಕಲಿಸುತ್ತದೆ. ಕಣ್ಣುಗುಡ್ಡೆಯ ಮುಂಭಾಗಕ್ಕೂ ಹಿಂಭಾಗಕ್ಕೂ ವಿದ್ಯುತ್ತಿನ ವ್ಯತ್ಯಾಸವಿದೆ. ರೆಪ್ಪೆ ಬಡಿದರೆ ಸಾಕು, ಹಣೆಯ ಮೇಲಿನ ಎಲೆಕ್ಟ್ರೋಡಿನಲ್ಲಿ ಮಿದುಳಿನ ಅಲೆಗಿಂತ ಎಷ್ಟೋ ದೊಡ್ಡ ಗುಡ್ಡ ಏಳುತ್ತದೆ. ಹಲ್ಲು ಕಚ್ಚಿದರೆ ದವಡೆಯ ಸ್ನಾಯುಗಳ ವಿದ್ಯುತ್ತು ಇಡೀ ಪರದೆಯನ್ನು ಗೀಚಿಬಿಡುತ್ತದೆ. ಮೆತ್ತೆ ಒಣಗಿದರೆ ಒಂದು ರೀತಿ, ತಲೆ ಅಲ್ಲಾಡಿಸಿದರೆ ಇನ್ನೊಂದು ರೀತಿ. ಮಿದುಳಿನದು ಯಾವುದು, ಮೈಯದು ಯಾವುದು, ಯಂತ್ರದ್ದು ಯಾವುದು ಎಂದು ಬಿಡಿಸುವುದರಲ್ಲೇ ಸಂಶೋಧಕರ ಬಹುಪಾಲು ಹೊತ್ತು ಹೋಗುತ್ತದೆ. ಮಕ್ಕಳಿಗೂ ಅದೇ ಕೆಲಸ ಕೊಡುತ್ತಾರೆ. ಬೇಸರದ ಕೆಲಸವೇ. ಆದರೆ ಅಳತೆ ಎಂದರೇನು ಎಂಬುದು ಅಲ್ಲಿ ಅರ್ಥವಾಗುವಷ್ಟು ಬೇರೆಲ್ಲೂ ಆಗುವುದಿಲ್ಲ.

ಈ ಅಲೆಗಳನ್ನು ಮನುಷ್ಯನಲ್ಲಿ ಮೊದಲು ದಾಖಲಿಸಿದ್ದು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್, 1924ರಲ್ಲಿ. ಮೊದಲ ದಾಖಲೆ ಸಿಕ್ಕಿದ್ದು ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದ 17 ವರ್ಷದ ಹುಡುಗನಿಂದ; ನ್ಯೂಯಾರ್ಕಿನ ಆ ತರಗತಿಯ ಮಕ್ಕಳದೂ ಹೆಚ್ಚುಕಡಿಮೆ ಅದೇ ವಯಸ್ಸು. ಬರ್ಗರ್ ಈ ದಾರಿಗೆ ಬಿದ್ದದ್ದು ವಿಚಿತ್ರ ಕಾರಣಕ್ಕೆ. ಯುವಕನಾಗಿದ್ದಾಗ ಸೇನಾ ತರಬೇತಿಯಲ್ಲಿ ಕುದುರೆಯಿಂದ ಬಿದ್ದು, ಫಿರಂಗಿ ಗಾಡಿಯ ಅಡಿಗೆ ಸಿಕ್ಕುವುದು ಕೂದಲೆಳೆಯಲ್ಲಿ ತಪ್ಪಿತ್ತು. ಅದೇ ದಿನ ದೂರದ ಊರಿನಲ್ಲಿದ್ದ ಅಕ್ಕನಿಗೆ ತಮ್ಮನಿಗೇನೋ ಆಗಿದೆ ಎನಿಸಿ, ಅಪ್ಪನಿಂದ ತಂತಿ ಕಳಿಸಿದ್ದಳಂತೆ. ಮನಸ್ಸಿನಿಂದ ಮನಸ್ಸಿಗೆ ಸುದ್ದಿ ಹೋಗುವ ದಾರಿ ಯಾವುದಾದರೂ ಇರಬೇಕೆಂದು ಹುಡುಕುತ್ತ ಹೋದ ಬರ್ಗರ್‌ಗೆ ಆ ದಾರಿ ಸಿಗಲಿಲ್ಲ, ಇಇಜಿ ಸಿಕ್ಕಿತು. ಮಗ ಕ್ಲಾಸ್‌ನ ತಲೆಯ ಮೇಲೂ ಅವರು ಪ್ರಯೋಗ ಮಾಡಿದರು. 1929ರಲ್ಲಿ ಪ್ರಕಟಿಸಿದಾಗ ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಮತ್ತು ಬ್ರಯಾನ್ ಮ್ಯಾಥ್ಯೂಸ್ ತಾವೇ ಮಾಡಿ ತೋರಿಸಿದ ಮೇಲೆ ಜಗತ್ತು ಒಪ್ಪಿತು.

ಸಂಶೋಧಕರಿಗೆ ದಕ್ಕಿದ್ದು

ಶಾಲೆಯೊಂದಿಗೆ ಕೂಡಿ ಕೆಲಸ ಮಾಡಿದ್ದರಿಂದ ವಿಶ್ವವಿದ್ಯಾಲಯಕ್ಕೆ ಸಿಕ್ಕಿದ್ದೇನು? ಪ್ರಯೋಗಾಲಯದ ನಿಶ್ಶಬ್ದ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಎಷ್ಟು ಅಳೆದರೂ ತರಗತಿ ಎಂಬುದು ಅಲ್ಲಿಗೆ ಬರುವುದಿಲ್ಲ. ಪಕ್ಕದ ಬೆಂಚಿನ ಗೆಳತಿ, ಇಷ್ಟವಾಗುವ ಅಥವಾ ಆಗದ ಮೇಷ್ಟ್ರು, ಊಟದ ಬೆಲ್ಲಿಗೆ ಕಾಯುವ ಹೊಟ್ಟೆ, ಇವೆಲ್ಲ ಶಾಲೆಯಲ್ಲೇ ಇರುವುದು.

2017ರ ಅಧ್ಯಯನದಲ್ಲಿ ಕಂಡದ್ದು ಇಷ್ಟು. ಯಾವ ವಿದ್ಯಾರ್ಥಿಯ ಅಲೆಗಳು ಉಳಿದವರ ಅಲೆಗಳ ಜೊತೆ ಹೆಚ್ಚು ಹೊಂದಿಕೊಂಡಿದ್ದವೋ ಆ ವಿದ್ಯಾರ್ಥಿ ಪಾಠದಲ್ಲಿ ಹೆಚ್ಚು ತೊಡಗಿದ್ದೆ ಎಂದು ಹೇಳಿಕೊಂಡಿದ್ದರು. ಶಿಕ್ಷಕರು ಗಟ್ಟಿಯಾಗಿ ಓದಿ ಹೇಳುವುದಕ್ಕಿಂತ, ಉಪನ್ಯಾಸಕ್ಕಿಂತ, ವಿಡಿಯೊ ಮತ್ತು ಗುಂಪು ಚರ್ಚೆ ಮಕ್ಕಳಿಗೆ ಹೆಚ್ಚು ಹಿಡಿಸಿದ್ದವು. ಪಾಠಕ್ಕೆ ಮೊದಲು ಸ್ವಲ್ಪ ಹೊತ್ತು ಎದುರುಬದುರು ಕೂತು ಒಬ್ಬರನ್ನೊಬ್ಬರು ನೋಡಿದ ಜೋಡಿಗಳಲ್ಲಿ ಆಮೇಲೆ ತರಗತಿಯಲ್ಲೂ ಹೊಂದಾಣಿಕೆ ಹೆಚ್ಚಿತ್ತು. ಇದರಲ್ಲಿ ಅಲೌಕಿಕವಾದದ್ದೇನೂ ಇಲ್ಲ. ಒಂದೇ ಮಾತನ್ನು ಒಂದೇ ಹೊತ್ತಿನಲ್ಲಿ ಗಮನವಿಟ್ಟು ಕೇಳುವ ಮಿದುಳುಗಳು ಆ ಮಾತಿನ ಏರಿಳಿತಕ್ಕೆ ಒಂದೇ ಥರ ಸ್ಪಂದಿಸುತ್ತವೆ. ಗಮನ ಅತ್ತಿತ್ತ ಹೋದವನ ಅಲೆ ಬೇರೆಯಾಗುತ್ತದೆ. ಸಂಶೋಧಕರು ಕೊಡುವ ವಿವರಣೆ ಹೀಗೆ ಗಮನದ ಮೇಲೆಯೇ ನಿಂತಿದೆ.

ಎರಡು ವರ್ಷದ ಮೇಲೆ, 2019ರಲ್ಲಿ, ಅದೇ ಬಳಗದಿಂದ ಬಂದ ಇನ್ನೊಂದು ಪ್ರಬಂಧವನ್ನು ನಮ್ಮ ಶಿಕ್ಷಕರು ಓದಬೇಕು. 12 ವಿದ್ಯಾರ್ಥಿಗಳ ಜೊತೆಗೆ ಈ ಸಲ ಶಿಕ್ಷಕರ ಅಲೆಗಳನ್ನೂ ದಾಖಲಿಸಿ, ಪ್ರತಿ ಪಾಠದ ಕೊನೆಗೆ ಕಿರುಪರೀಕ್ಷೆ ಇಟ್ಟರು. ಶಿಕ್ಷಕರು ತಮಗೆ ಹತ್ತಿರದವರು ಎಂದುಕೊಂಡ ಮಕ್ಕಳ ಅಲೆಗಳು ಶಿಕ್ಷಕರ ಅಲೆಗಳ ಜೊತೆ ಹೆಚ್ಚು ಹೊಂದಿಕೊಂಡವು. ಅದೂ ಶಿಕ್ಷಕರೇ ನಿಂತು ಪಾಠ ಹೇಳಿದಾಗ ಮಾತ್ರ, ವಿಡಿಯೊ ಹಾಕಿದಾಗ ಅಲ್ಲ. ಪಾಠ ನೆನಪಿನಲ್ಲಿ ಉಳಿಯುವುದಕ್ಕೂ ಶಿಕ್ಷಕರ ಮೇಲಿನ ಈ ಆಪ್ತತೆಗೂ ನಂಟು ಕಂಡಿತು. ಅಲೆಗಳ ಹೊಂದಾಣಿಕೆಗೂ ನೆನಪಿಗೂ ಮಾತ್ರ ನಂಟು ಕಾಣಲಿಲ್ಲ. ಬೆಲೆಬಾಳುವ ಉಪಕರಣ ಹೇಳಲಾರದ್ದನ್ನು 'ಈ ಮೇಷ್ಟ್ರು ನಿನಗೆ ಇಷ್ಟವೇ' ಎಂಬ ಸಾದಾ ಪ್ರಶ್ನೆ ಹೇಳಿತು. ಅದನ್ನು ಹಾಗೆಯೇ ಬರೆದು ಪ್ರಕಟಿಸಿದ ಸಂಶೋಧಕರ ಬಗ್ಗೆ ನನಗೆ ಗೌರವವಿದೆ.

ಆಮೇಲೆ 2023ರಲ್ಲಿ ಡೇವಿಡೆಸ್ಕೊ ಮತ್ತು ಜೊತೆಗಾರರು, ಈ ಸಲ ತರುಣ ವಯಸ್ಕರ ಒಂಬತ್ತು ಗುಂಪುಗಳಲ್ಲಿ, ಗುಂಪಿಗೆ ನಾಲ್ವರು ವಿದ್ಯಾರ್ಥಿಗಳು ಮತ್ತು ಒಬ್ಬ ಶಿಕ್ಷಕರಂತೆ ದಾಖಲಿಸಿದಾಗ ಬೇರೆ ಚಿತ್ರ ಕಂಡಿತು. ವಿದ್ಯಾರ್ಥಿಗಳ ನಡುವಿನ ಆಲ್ಫಾ ಅಲೆಗಳ ಹೊಂದಾಣಿಕೆ ಅವರ ಪರೀಕ್ಷೆಯ ಫಲವನ್ನು ಮುಂಗಾಣಿಸಿತು. ಶಿಕ್ಷಕರ ಅಲೆಯನ್ನು ವಿದ್ಯಾರ್ಥಿಯ ಅಲೆ ಸುಮಾರು 300 ಮಿಲಿಸೆಕೆಂಡ್ ಹಿಂದಿನಿಂದ ಅನುಸರಿಸಿದಾಗ ಕಲಿಕೆ ಚೆನ್ನಾಗಿತ್ತು. ಕಿವಿಗೆ ಬಿದ್ದ ಮಾತು ಅರ್ಥವಾಗಲು ಹಿಡಿಯುವ ಹೊತ್ತಿಗೆ ಇದು ಹೊಂದುತ್ತದೆ. ಎರಡು ಅಧ್ಯಯನ, ಎರಡು ಥರದ ಉತ್ತರ. ಪಠ್ಯಪುಸ್ತಕದಲ್ಲಿ ವಿಜ್ಞಾನ ಹೀಗೆ ಕಾಣಿಸುವುದಿಲ್ಲ. ಸಂಶೋಧಕರ ಜೊತೆ ಕೂತ ಮಗುವಿಗೆ ಹೀಗೇ ಕಾಣಿಸುತ್ತದೆ.

ಬೆಳಗಿನ ಪಾಠದ ವಿಚಾರವನ್ನೂ ಹೇಳಬೇಕು. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೈಸ್ಕೂಲ್ ಮಕ್ಕಳ ಅಲೆಗಳನ್ನು ಮುಂಜಾನೆ, ಮಧ್ಯ ಬೆಳಿಗ್ಗೆ, ಮಧ್ಯಾಹ್ನ ಎಂದು ಮೂರು ಹೊತ್ತಿನ ತರಗತಿಗಳಲ್ಲಿ ಅಳೆದರು. ಮುಂಜಾನೆಯ ಪಾಠದಲ್ಲಿ ಆಲ್ಫಾ ಜೋರಾಗಿತ್ತು, ಎಂದರೆ ಗಮನ ಕಡಿಮೆ. ಅಂಕವೂ ಮಧ್ಯ ಬೆಳಗಿನ ತರಗತಿಗಿಂತ ಕಡಿಮೆ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳನ್ನು ನಸುಕಿನಲ್ಲೇ ಎಬ್ಬಿಸಿ ಟ್ಯೂಷನ್‌ಗೆ ಅಟ್ಟುತ್ತೇವೆ, ಬೆಳಗಿನ ಜಾವ ಓದಿದ್ದು ಮರೆಯುವುದಿಲ್ಲ ಎಂದು ಹಿರಿಯರು ಹೇಳಿದ್ದನ್ನು ನಂಬಿಕೊಂಡಿದ್ದೇವೆ. ನ್ಯೂಯಾರ್ಕಿನ ಅಂಕಿ ತಂದು ಇದನ್ನು ತಳ್ಳಿಹಾಕುವುದು ಸರಿಯಲ್ಲ. ಅಲ್ಲಿನ ಮಕ್ಕಳು ಮಲಗುವ ಹೊತ್ತು ಬೇರೆ, ಸಿರಾ ಅಥವಾ ಸಿಂಧನೂರಿನ ಹಳ್ಳಿಯ ಮಕ್ಕಳು ಮಲಗುವ ಹೊತ್ತು ಬೇರೆ. ಆದರೆ ಇದು ನಮ್ಮ ಮಕ್ಕಳು ತಾವೇ ಅಳೆದು ನೋಡಬಹುದಾದ ಪ್ರಶ್ನೆ. ಇಇಜಿ ಕೂಡ ಬೇಡ. ಮಲಗಿದ ಹೊತ್ತು, ಎದ್ದ ಹೊತ್ತು, ಒಂದು ಕಿರುಪರೀಕ್ಷೆ, ಒಂದು ನೋಟ್‌ಬುಕ್ಕು ಸಾಕು.

ಅದೇ ಉಪಕರಣ, ಬೇರೆ ಕೈ

2019ರಲ್ಲಿ ಚೀನಾದ ಝೆಜಿಯಾಂಗ್ ಪ್ರಾಂತದ ಜಿನ್‌ಹುವಾ ನಗರದ ಒಂದು ಪ್ರಾಥಮಿಕ ಶಾಲೆಯ ವಿಡಿಯೊ ಜಗತ್ತಿನೆಲ್ಲೆಡೆ ಹರಿದಾಡಿತು. ಮಕ್ಕಳ ಹಣೆಗೆ ಅಲೆ ಅಳೆಯುವ ಪಟ್ಟಿ. ಮಗು ಗಮನವಿಟ್ಟರೆ ಕೆಂಪು ದೀಪ, ಗಮನ ತಪ್ಪಿದರೆ ನೀಲಿ. ಅಂಕಿಗಳು ಶಿಕ್ಷಕರ ಕಂಪ್ಯೂಟರಿಗೂ ಹೋಗುತ್ತಿದ್ದವು, ಅಪ್ಪ ಅಮ್ಮನಿಗೂ ತಲುಪುತ್ತಿದ್ದವು. ಚೀನಾದ ಜನರೇ ಸಾಮಾಜಿಕ ಜಾಲತಾಣಗಳಲ್ಲಿ ಸಿಟ್ಟಿಗೆದ್ದರು, ಸ್ಥಳೀಯ ಅಧಿಕಾರಿಗಳು ಬಳಕೆಯನ್ನು ನಿಲ್ಲಿಸಿದರು.

ಯಂತ್ರದ ತತ್ವ ಎರಡೂ ಕಡೆ ಒಂದೇ. ನ್ಯೂಯಾರ್ಕಿನಲ್ಲಿ ಅಲೆಯನ್ನು ಓದುವವರಲ್ಲಿ ಆ ಅಲೆ ಯಾರದೋ ಅವರೂ ಇದ್ದರು. ಜಿನ್‌ಹುವಾದಲ್ಲಿ ಮಗುವಿನ ತಲೆಯ ಮೇಲೆ ದೀಪ ಉರಿಯುತ್ತಿತ್ತು, ಅದನ್ನು ನೋಡುವವರೆಲ್ಲ ದೊಡ್ಡವರು. ರೆಪ್ಪೆ ಬಡಿತ ಎಷ್ಟು ದೊಡ್ಡ ಗುಡ್ಡ ಎಬ್ಬಿಸುತ್ತದೆ ಎಂದು ಕಣ್ಣಾರೆ ಕಂಡ ಹುಡುಗ ಹಣೆಯ ಮೇಲಿನ ಕೆಂಪು ದೀಪವನ್ನು ತನ್ನ ಗಮನದ ಅಳತೆಯೆಂದು ಸುಮ್ಮನೆ ಒಪ್ಪುವುದಿಲ್ಲ. 'ಇದನ್ನು ಯಾವುದರ ಮೇಲೆ ಲೆಕ್ಕ ಹಾಕಿದಿರಿ' ಎನ್ನುತ್ತಾನೆ. ಹೈಸ್ಕೂಲಿನಲ್ಲಿ ನರವಿಜ್ಞಾನ ಏಕೆ ಬೇಕು ಎಂದು ಕೇಳುವವರಿಗೆ ನಾನು ಮೊದಲು ಕೊಡುವ ಉತ್ತರ ಇದು. ಮಕ್ಕಳ ತಲೆಯ ಅಳತೆಯನ್ನು ಮಾರುವ ಕಾಲ ಬಂದಿದೆ. ಅಳತೆಯ ಒಳಗುಟ್ಟು ಮಕ್ಕಳಿಗೆ ಗೊತ್ತಿರಬೇಕು.

ಕೋರ್ಸಿನಲ್ಲಿ ಇದಕ್ಕೆ ಇನ್ನೊಂದು ಬಾಗಿಲೂ ಇದೆ, ಒಪ್ಪಿಗೆಯದು. ಸಂಶೋಧನೆಯಲ್ಲಿ ಮಕ್ಕಳು ಭಾಗವಹಿಸಲು ತಂದೆತಾಯಿಯ ಅನುಮತಿಯ ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು. ನಮ್ಮಲ್ಲೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ 12ರಿಂದ 18ರ ವಯಸ್ಸಿನವರ ಲಿಖಿತ ಒಪ್ಪಿಗೆ ಕೇಳುತ್ತದೆ. ತನ್ನ ಸಹಪಾಠಿಯ ತಲೆಗೆ ಎಲೆಕ್ಟ್ರೋಡ್ ಇಡುವ ಮೊದಲು 'ನಿನಗೆ ಬೇಡವೆನಿಸಿದರೆ ಯಾವಾಗ ಬೇಕಾದರೂ ತೆಗೆದುಬಿಡು' ಎಂದು ಹೇಳಬೇಕಾದ ಹುಡುಗ ಆ ಒಂದು ಮಾತಿನಲ್ಲಿ ಕಲಿಯುವುದು ಸಣ್ಣದಲ್ಲ.

ಮಿದುಳಿನ ಹೆಸರಿನಲ್ಲಿ ನಮ್ಮೂರುಗಳಲ್ಲೂ ವ್ಯಾಪಾರ ನಡೆದಿದೆ. 'ಮಿಡ್‌ಬ್ರೈನ್ ಆಕ್ಟಿವೇಶನ್' ತರಗತಿಗಳ ಬ್ಯಾನರುಗಳನ್ನು ಕಾಣದ ಪೇಟೆ ಕರ್ನಾಟಕದಲ್ಲಿ ಕಡಿಮೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಗು ಪುಸ್ತಕ ಓದುತ್ತದೆ, ಬಣ್ಣ ಗುರುತಿಸುತ್ತದೆ, ಅಪ್ಪ ಅಮ್ಮ ಸಾವಿರಾರು ರೂಪಾಯಿ ಕಟ್ಟುತ್ತಾರೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದರ ವಿರುದ್ಧ ವರ್ಷಗಳಿಂದ ದನಿ ಎತ್ತುತ್ತ ಬಂದಿದ್ದಾರೆ. ಮೂಗಿನ ಪಕ್ಕದ ಸಂದಿಯಿಂದ ಮಗು ಇಣುಕಿ ನೋಡುತ್ತದೆ, ಅಷ್ಟೇ. ಮಗುವಿಗೆ ಸುಳ್ಳು ಹೇಳಲು ಕಲಿಸುವ ಈ ತರಗತಿಗೆ ಮಿದುಳಿನ ಹೆಸರು! ನಾವು ಮಿದುಳಿನ ಹತ್ತನೇ ಒಂದು ಪಾಲನ್ನಷ್ಟೇ ಬಳಸುತ್ತೇವೆ, ಎಡ ಮಿದುಳಿನವರು ಲೆಕ್ಕದವರು, ಬಲ ಮಿದುಳಿನವರು ಕಲೆಯವರು ಎಂಬ ಮಾತುಗಳೂ ಹೀಗೇ. ಇವು ಓದಿದವರನ್ನೂ ಬಿಟ್ಟಿಲ್ಲ. ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ 242 ಶಿಕ್ಷಕರನ್ನು ಕೇಳಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮಿದುಳಿನ ಬಗೆಗಿನ ಇಂಥ ತಪ್ಪು ನಂಬಿಕೆಗಳಲ್ಲಿ ಸರಾಸರಿ ಶೇಕಡಾ 49ರಷ್ಟನ್ನು ಅವರು ನಿಜವೆಂದೇ ನಂಬಿದ್ದರು.

ನಮ್ಮ ಶಾಲೆಗಳಲ್ಲಿ

ನಮ್ಮ ಹತ್ತನೇ ತರಗತಿಯ ವಿಜ್ಞಾನದಲ್ಲಿ 'ನಿಯಂತ್ರಣ ಮತ್ತು ಸಹಭಾಗಿತ್ವ' ಎಂಬ ಪಾಠವಿದೆ. ನರಕೋಶ, ಪರಾವರ್ತಿತ ಕ್ರಿಯೆ, ಮುಮ್ಮೆದುಳು, ಹಿಮ್ಮೆದುಳು ಎಲ್ಲ ಅಲ್ಲಿ ಬರುತ್ತವೆ. ಪಾಠ ಕೆಟ್ಟದ್ದೇನಲ್ಲ. ಆದರೆ ಅದು ಮುಗಿಯುವುದು ಮಿದುಳಿನ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸುವಲ್ಲಿ. ಮಗುವಿನ ಸ್ವಂತ ತಲೆಯೊಳಗೆ ಆ ಹೊತ್ತಿಗೆ ನಡೆಯುತ್ತಿರುವುದಕ್ಕೂ ಆ ಚಿತ್ರಕ್ಕೂ ಸಂಬಂಧವಿದೆ ಎಂದು ಅನಿಸುವ ಒಂದು ಗಳಿಗೆಯೂ ಇಲ್ಲ.

ಕೇಳಲು ಪ್ರಶ್ನೆಗಳಿಲ್ಲವೇ? ಬೇಕಾದಷ್ಟಿವೆ, ಅದೂ ನಮ್ಮ ಬಚ್ಚಲುಮನೆಯಲ್ಲೇ. ತಲೆಗೆ ಬಿಸಿನೀರು ಹುಯ್ದುಕೊಂಡಾಗ ಕೆಲವರಿಗೆ ಫಿಟ್ಸ್ ಬರುತ್ತದೆ. ಜಗತ್ತಿನಲ್ಲಿ ಅಪರೂಪವಾದ ಈ ಬಗೆಯ ಮೂರ್ಛೆ ದಕ್ಷಿಣ ಕರ್ನಾಟಕದಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಡಾ. ಕೆ.ಎಸ್. ಮಣಿ ಮತ್ತು ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇದರ ಮೇಲೆ ಮಾಡಿದ ಕೆಲಸದಿಂದಲೇ ಜಗತ್ತಿನ ವೈದ್ಯಲೋಕ ಇದನ್ನು ಚೆನ್ನಾಗಿ ಅರಿತದ್ದು. ಫಿಟ್ಸ್ ಬಂದವರ ಕೈಗೆ ಬೀಗದ ಕೈ ಕೊಡುವುದನ್ನು ಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಕಂಡಿರುತ್ತಾರೆ. ಕಬ್ಬಿಣದಿಂದ ಏನೂ ಆಗುವುದಿಲ್ಲ, ಮಗ್ಗುಲಿಗೆ ಮಲಗಿಸಿ, ತಲೆಗೆ ಪೆಟ್ಟಾಗದಂತೆ ನೋಡಿಕೊಂಡು, ಬಾಯಿಗೆ ಏನೂ ತುರುಕದೆ ಕಾಯಬೇಕು, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕು ಎಂಬುದನ್ನು ಮಿದುಳಿನ ಅಲೆಯ ಪಾಠದ ಜೊತೆ ಕಲಿತ ಮಗು ಅದನ್ನು ಮನೆಗೆ ಒಯ್ಯುತ್ತದೆ.

ಕಲಿಸುವವರೂ ಇಲ್ಲೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನರವಿಜ್ಞಾನ ಕೇಂದ್ರವಿದೆ, ಮಿದುಳು ಸಂಶೋಧನೆಗೇ ಮೀಸಲಾದ ಇನ್ನೊಂದು ಕೇಂದ್ರವೂ ಇದೆ. ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯದಲ್ಲಿ ನಿಜವಾದ ಮನುಷ್ಯ ಮಿದುಳನ್ನು ಹತ್ತಿರದಿಂದ ನೋಡಬಹುದು, ಕೈಯಲ್ಲಿ ಹಿಡಿಯಬಹುದು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಬಾರದ ಕೂಸಿಗೆ ಕಿವಿ ಕೇಳುತ್ತದೆಯೋ ಇಲ್ಲವೋ ಎಂದು ನೋಡಲು ಮಾಡುವ 'ಬೇರಾ' ಪರೀಕ್ಷೆ, ಶಬ್ದಕ್ಕೆ ಮಿದುಳಕಾಂಡ ಕೊಡುವ ಉತ್ತರವನ್ನು ನೆತ್ತಿಯ ಮೇಲೆ ಅಳೆಯುವುದೇ ಆಗಿದೆ. ಧಾರವಾಡದಲ್ಲಿ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನದ ಸಂಸ್ಥೆ ಡಿಮ್ಹಾನ್ಸ್ ಇದೆ. ವಿಜ್ಞಾನ ಸಂಸ್ಥೆಯವರು ಚಳ್ಳಕೆರೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ಕೊಡುತ್ತಲೂ ಇದ್ದಾರೆ.

ಉಪಕರಣಕ್ಕೆ ಹಣವೆಲ್ಲಿ ಎಂದು ಕೇಳುವವರಿದ್ದಾರೆ. ತರಗತಿಯಲ್ಲಿ ಬಳಸುವ ಇಇಜಿಗೆ ಆಸ್ಪತ್ರೆಯ ಯಂತ್ರದ ಬೆಲೆ ಇಲ್ಲ, ಒಂದನ್ನೇ ಹತ್ತು ಶಾಲೆಗಳ ನಡುವೆ ಓಡಾಡಿಸಬಹುದು. ನಿಜವಾಗಿ ದುಬಾರಿಯಾದದ್ದು ಸಂಶೋಧಕರ ಹೊತ್ತು. ಒಂದು ದಿನ ಬಂದು ಭಾಷಣ ಮಾಡಿ, ಶಾಲು ಹೊದಿಸಿಕೊಂಡು, ಫೋಟೊ ತೆಗೆಸಿಕೊಂಡು ಹೋದರೆ ಇದು ಆಗುವ ಕೆಲಸವಲ್ಲ. ಪಿಎಚ್‌ಡಿ ಮಾಡುತ್ತಿರುವ ಒಬ್ಬ ಹುಡುಗ ಅಥವಾ ಹುಡುಗಿ ವಾರಕ್ಕೊಂದು ಮಧ್ಯಾಹ್ನ, ಒಂದು ಅವಧಿ ಪೂರ್ತಿ, ಅದೇ ಶಾಲೆಗೆ, ಅದೇ ಮಕ್ಕಳ ಬಳಿಗೆ ಬರಬೇಕು, ಕನ್ನಡದಲ್ಲಿ ಮಾತಾಡಬೇಕು. ಆ ಮಧ್ಯಾಹ್ನಗಳನ್ನು ಅವರ ಮಾರ್ಗದರ್ಶಕರು ವ್ಯರ್ಥವೆಂದು ಎಣಿಸಬಾರದು. ಶಾಲೆಯ ಕಡೆಯಿಂದಲೂ ಅಷ್ಟೇ: ಪ್ರಯೋಗ ಕೈಕೊಟ್ಟಾಗ 'ಸಿಲಬಸ್ ಮುಗಿಸಬೇಕು' ಎಂದು ಮುಖ್ಯೋಪಾಧ್ಯಾಯರು ಆ ಪೀರಿಯಡ್ಡನ್ನು ಕಿತ್ತುಕೊಳ್ಳಬಾರದು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಜನರ ನೆನಪು, ಆರೋಗ್ಯ, ಮಿದುಳಿನ ಮುಪ್ಪನ್ನು ವರ್ಷಗಳ ಕಾಲ ಗಮನಿಸುವ ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ; ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವುದು ಅವರ ಗುರಿ. ಆ ಮನೆಗಳಲ್ಲಿ ಹೈಸ್ಕೂಲಿಗೆ ಹೋಗುವ ಮೊಮ್ಮಕ್ಕಳಿದ್ದಾರೆ. ಅಜ್ಜಿಗೆ ಯಾವ ಪ್ರಶ್ನೆ ಕೇಳಿದರು, ಏಕೆ ಕೇಳಿದರು, ಉತ್ತರವನ್ನು ಏನು ಮಾಡುತ್ತಾರೆ ಎಂದು ತಿಳಿಯುವ ಕುತೂಹಲ ಆ ಮಕ್ಕಳಿಗೆ ಇದ್ದೇ ಇರುತ್ತದೆ. ಅಜ್ಜಿಯ ನೆನಪನ್ನು ಅಳೆಯಲು ಅಷ್ಟು ದೂರ ಹೋಗುವ ಸಂಶೋಧಕರು ದಯವಿಟ್ಟು ಅದೇ ಊರಿನ ಸರ್ಕಾರಿ ಪ್ರೌಢಶಾಲೆಯ ಒಂಬತ್ತನೇ ತರಗತಿಗೂ ಹೋಗಲಿ, ಶಿಕ್ಷಕರ ಜೊತೆ ಕೂತು ಒಂದು ಅವಧಿಯ ಪಾಠವನ್ನು ಕಟ್ಟಲಿ. ಬೆಂಗಳೂರು, ಮೈಸೂರು, ಧಾರವಾಡದವರೂ ತಮ್ಮ ಕಾಂಪೌಂಡಿಗೆ ಹತ್ತಿರದ ಒಂದು ಕನ್ನಡ ಶಾಲೆಯನ್ನು ಈ ವರ್ಷವೇ ಆರಿಸಿಕೊಳ್ಳಲಿ.